ಹಿಂದಿ ಅರ್ಥ ಗೊತ್ತು, ಇಂಗ್ಲಿಷ್ ಬಾಯಿಗೆ ಬರ್ತಿಲ್ಲ

ಓದುಗರ ಪ್ರಶ್ನೆ: ಮೇಡಂ, ನಾನು ಬಿ.ಕಾಂ ಮುಗಿಸಿ ಕಲಬುರಗಿ ಗಂಜ್ ಮಾರ್ಕೆಟ್ಟಿನ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಓದಿದ್ದು ಕನ್ನಡ ಮೀಡಿಯಂ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಅರ್ಧ ಹಿಂದಿ. ನಾಲ್ಕು ತಿಂಗಳಿಂದ ದಿನಾ ಮೊಬೈಲಿನಲ್ಲಿ ಹತ್ತು ಇಂಗ್ಲಿಷ್ ಪದ ಕಲಿಯುತ್ತಿದ್ದೇನೆ. ಒಂದು ಪದ, ಅದರ ಹಿಂದಿ ಅರ್ಥ, ಒಂದು ಉದಾಹರಣೆ ವಾಕ್ಯ. ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ, 1000 ದಾಟಿದೆ. ಪದ ಕಂಡರೆ ಅರ್ಥ ಗೊತ್ತಾಗುತ್ತದೆ. ಆದರೆ ಚೆನ್ನೈ ಪಾರ್ಟಿ ಫೋನ್ ಮಾಡಿದಾಗ ಹಿಂದಿ ಪದ ನೆನಪಿಗೆ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಹಿಂದಿ ಮೂಲಕ ಕಲಿಯುವುದೇ ತಪ್ಪಾ? ಎಲ್ಲ ಬಿಟ್ಟು ಮೊದಲಿಂದ ಶುರು ಮಾಡಲಾ?

ಉತ್ತರ: ಬಿಡಬೇಡಿ. ಮೊದಲಿಂದ ಶುರು ಮಾಡುವುದೂ ಬೇಡ. ಸಾವಿರ ಪದ ಕೈಯಾರೆ ಬರೆದಿದ್ದೀರಿ, ಅದು ಎಲ್ಲೂ ಹೋಗಿಲ್ಲ. ಆದರೆ ನಿಮ್ಮ ನೋಟ್‌ಬುಕ್ಕಿನಲ್ಲಿ ಒಂದು ಕಾಲಂ ಇಲ್ಲ. ಅದು ಕನ್ನಡದ್ದು. ತೊಡಕು ಅಲ್ಲೇ ಇದೆ.

ಚೆನ್ನೈಯವರು ಮಾಲು ಯಾವಾಗ ಬರುತ್ತೆ ಅಂತ ಕೇಳುತ್ತಾರೆ. ಉತ್ತರ ನಿಮ್ಮ ತಲೆಯಲ್ಲಿ ಹುಟ್ಟುವುದು ಕನ್ನಡದಲ್ಲಿ. ನಾಳೆ ಲೋಡ್ ಆಗುತ್ತೆ, ನಾಡಿದ್ದು ಮುಟ್ಟುತ್ತೆ ಅಂತ. ಅದು ಇಂಗ್ಲಿಷ್ ಆಗಬೇಕಾದರೆ ಮೊದಲು ಹಿಂದಿಗೆ ಹೋಗಬೇಕು, ಯಾಕಂದರೆ ನೀವು ಇಂಗ್ಲಿಷ್ ಪದಗಳನ್ನು ಇಟ್ಟಿರುವುದು ಹಿಂದಿಯ ಪಕ್ಕದಲ್ಲಿ. ಅಲ್ಲಿಂದ ಮತ್ತೆ ಇಂಗ್ಲಿಷಿಗೆ ಹೋಗಬೇಕು. ಫೋನಿನ ಆ ಕಡೆಯವರು ಅಷ್ಟು ಹೊತ್ತು ಕಾಯುವುದಿಲ್ಲ. ನೀವು ಹಿಂದಿಯವರೆಗೆ ಹೋಗಿ ನಿಂತುಬಿಡುತ್ತೀರಿ. ಇನ್ನೊಂದು ಮಾತು. ನಾಲ್ಕು ತಿಂಗಳು ನೀವು ಅಭ್ಯಾಸ ಮಾಡಿದ್ದು ಇಂಗ್ಲಿಷಿನಿಂದ ಹಿಂದಿಗೆ ಹೋಗುವುದನ್ನು. ಪದ ನೋಡು, ಅರ್ಥ ಹೇಳು. ಮಾತಾಡುವಾಗ ಬೇಕಾದದ್ದು ಇದರ ಉಲ್ಟಾ ದಾರಿ. ಆ ದಾರಿಯಲ್ಲಿ ನೀವು ಒಂದು ದಿನವೂ ನಡೆದಿಲ್ಲ. ಅದಕ್ಕೇ ಪದ ಗೊತ್ತಿದ್ದೂ ಬಾಯಿಗೆ ಬರುತ್ತಿಲ್ಲ. ಇದು ನಿಮ್ಮ ದಡ್ಡತನ ಅಲ್ಲ.

ಹಾಗಂತ ಹಿಂದಿಯನ್ನು ಹೊರಗೆ ಹಾಕಿ ಅಂತ ನಾನು ಹೇಳುವುದಿಲ್ಲ. ಬೆಂಗಳೂರಿನ ಕೆಲವು ಮೇಷ್ಟ್ರುಗಳು ಹಾಗೆ ಹೇಳಬಹುದು. ನಮ್ಮ ಕಡೆಯ ಕಥೆ ಬೇರೆ. 1948ರ ಸೆಪ್ಟೆಂಬರ್‌ವರೆಗೆ ಕಲಬುರಗಿ, ಬೀದರ್, ಯಾದಗಿರಿ ಎಲ್ಲ ನಿಜಾಮರ ಹೈದರಾಬಾದ್ ರಾಜ್ಯದಲ್ಲಿದ್ದವು. ಕಚೇರಿಯ ಭಾಷೆ ಉರ್ದು. ನಮ್ಮ ಅಜ್ಜ ಶಾಲೆಯಲ್ಲಿ ಉರ್ದು ಕಲಿತು, ಮನೆಯಲ್ಲಿ ವಚನ ಓದುತ್ತಿದ್ದರು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಆ ಪದಗಳು ನಮ್ಮ ಬಾಯಲ್ಲೇ ಉಳಿದವು. ನಿಮ್ಮ ಅಂಗಡಿಯ ಲೆಕ್ಕದ ಪುಸ್ತಕ ತೆಗೆದು ನೋಡಿ. ನಗದು, ಉದ್ರಿ, ಬಾಕಿ, ಖರ್ಚು, ರಸೀದಿ, ಹಾಜರಿ. ಹಿಂದಿಯಲ್ಲೂ ಇವೇ ಪದ, ಸ್ವಲ್ಪ ತಿರುವು ಅಷ್ಟೇ. ಹಾಗಾಗಿ 'ರಿಸೀಟ್' ಅಂದರೆ ರಸೀದ್, 'ಎಕ್ಸ್‌ಪೆನ್ಸ್' ಅಂದರೆ ಖರ್ಚ್ ಅಂತ ಮೊಬೈಲ್ ಹೇಳಿದಾಗ ನೀವು ಕನ್ನಡದಲ್ಲೇ ಕಲಿತ ಹಾಗಾಯಿತು. ಇಂಥ ಪದಗಳನ್ನು ಮುಟ್ಟಬೇಡಿ. ಅವು ಸರಿಯಾಗಿಯೇ ಕೂತಿವೆ.

ತೊಂದರೆ ಬರುವುದು ಎರಡು ಭಾಷೆಯಲ್ಲೂ ಒಂದೇ ಪದ ಇದ್ದು, ಅರ್ಥ ಬೇರೆ ಆದಾಗ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ನಿಮ್ಮ ನೋಟ್‌ಬುಕ್ಕಿನಲ್ಲಿ ಇಂಥವು ಖಂಡಿತ ಇವೆ.

'ಎಜುಕೇಶನ್' ಪದಕ್ಕೆ ಹಿಂದಿ ಅರ್ಥ ಶಿಕ್ಷಾ. ಕನ್ನಡದಲ್ಲಿ ಶಿಕ್ಷೆ ಅಂದರೆ ಜೈಲು, ದಂಡ, ಬೆತ್ತ. 'ಲೀವ್' ಪದಕ್ಕೆ ಅವಕಾಶ್ ಅಂತ ಕೊಟ್ಟಿರುತ್ತಾರೆ. ಹಿಂದಿಯಲ್ಲಿ ಅದು ರಜೆ. ನಮಗೆ ಅವಕಾಶ ಅಂದರೆ ಚಾನ್ಸ್. 'ನಾವೆಲ್' ಅಂದರೆ ಉಪನ್ಯಾಸ್ ಅನ್ನುತ್ತಾರೆ. ನಮ್ಮ ಕಾಲೇಜಿನಲ್ಲಿ ಉಪನ್ಯಾಸ ಅಂದರೆ ಲೆಕ್ಚರ್. 'ಎಸ್ಟಿಮೇಟ್' ಪದಕ್ಕೆ ಅನುಮಾನ್. ನೀವು ಯಾರ ಮೇಲಾದರೂ ಅನುಮಾನ ಪಟ್ಟರೆ ಅದು ಎಸ್ಟಿಮೇಟ್ ಅಲ್ಲ, ಅಲ್ವಾ? 'ಕರೇಜ್' ಪದಕ್ಕೆ ಸಾಹಸ್. ನಾವು ಅದನ್ನು ಧೈರ್ಯ ಅನ್ನುತ್ತೇವೆ. ಉರ್ದುವಿನಿಂದ ಬಂದ ಪದಗಳಲ್ಲೂ ಒಂದೊಂದು ಕಡೆ ಎಚ್ಚರ ಬೇಕು. ಹಿಂದಿಯಲ್ಲಿ ರಾಜೀನಾಮಾ ಅಂದರೆ ಇಬ್ಬರ ನಡುವೆ ಆಗುವ ರಾಜಿ. ನಮ್ಮಲ್ಲಿ ರಾಜೀನಾಮೆ ಕೊಟ್ಟರೆ ಕೆಲಸ ಬಿಟ್ಟ ಹಾಗೆ. ಅದಕ್ಕೆ ಹಿಂದಿಯವರು ಇಸ್ತೀಫಾ ಅನ್ನುತ್ತಾರೆ.

ಇವೆಲ್ಲಕ್ಕಿಂತ ನನಗೆ ಜಾಸ್ತಿ ನೆನಪಿರುವುದು 'ಬಿಸಿನೆಸ್'. ನಾನು ಆಳಂದ ತಾಲ್ಲೂಕಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಅಲ್ಲಿ ಓದಿ ಹೋದ ಹುಡುಗನೊಬ್ಬ ಕೆಲಸದ ಇಂಟರ್‌ವ್ಯೂಗೆ ಹೋಗಿದ್ದ. ಹಿಂದಿ ಅರ್ಥದ ಪಟ್ಟಿಯಿಂದಲೇ ತಯಾರಿ. ಅದರಲ್ಲಿ 'ಬಿಸಿನೆಸ್' ಎದುರಿಗೆ ವ್ಯವಸಾಯ್ ಅಂತ ಇತ್ತು. ಹಿಂದಿಯಲ್ಲಿ ಅದು ವ್ಯಾಪಾರ, ದಂಧೆ. ಕನ್ನಡ ಪುಸ್ತಕದಲ್ಲಿ ವ್ಯವಸಾಯ ಅಂದರೆ ಬೇಸಾಯ. ಅಪ್ಪ ಏನು ಮಾಡುತ್ತಾರೆ ಅಂತ ಅವರು ಕೇಳಿದರು. 'ಮೈ ಫಾದರ್ ಈಸ್ ಡೂಯಿಂಗ್ ಬಿಸಿನೆಸ್' ಅಂದ. ಅವನ ಅಪ್ಪ ಮೂರು ಎಕರೆ ತೊಗರಿ ಹೊಲ ಮಾಡುವವರು. ಏನು ಬಿಸಿನೆಸ್, ಅಂಗಡಿ ಎಲ್ಲಿದೆ, ವರ್ಷಕ್ಕೆ ಎಷ್ಟು ವಹಿವಾಟು ಅಂತ ಅವರು ಮುಂದೆ ಮುಂದೆ ಕೇಳಿದರು. ಹುಡುಗನಿಗೆ ಏನೂ ತಿಳಿಯಲಿಲ್ಲ. ಸುಮ್ನೆ ಕೂತ. ಸುಳ್ಳು ಹೇಳುತ್ತಿದ್ದಾನೆ ಅಂತ ಅವರು ತಿಳಿದರು. ಮನೆಗೆ ಬಂದು ನನ್ನ ಮುಂದೆ ಅತ್ತುಬಿಟ್ಟ. 'ಮೈ ಫಾದರ್ ಈಸ್ ಎ ಫಾರ್ಮರ್' ಅನ್ನುವ ವಾಕ್ಯ ಅವನಿಗೆ ಐದನೇ ಕ್ಲಾಸಿನಿಂದ ಬರುತ್ತಿತ್ತು. ಪಟ್ಟಿಯ ಪದ ದೊಡ್ಡದು ಅಂತ ಅದನ್ನು ಹೇಳಿದ್ದ. ಅವತ್ತಿನಿಂದ ನಾನು ಯಾರಿಗೆ ಕಲಿಸಿದರೂ, ಹಿಂದಿ ಅರ್ಥದ ಪಕ್ಕ ಮನೆಯ ಕನ್ನಡ ಬರೆಯದೆ ಮುಂದಿನ ಪದಕ್ಕೆ ಹೋಗಲು ಬಿಟ್ಟಿಲ್ಲ. ಪುಸ್ತಕದ ಕನ್ನಡ ಅಲ್ಲ, ಮನೆಯದು. ಒಕ್ಕಲುತನ ಅಂತ ಬರೆದಿದ್ದರೆ ಆ ಹುಡುಗ ತಪ್ಪುತ್ತಿರಲಿಲ್ಲ.

ಇನ್ನು ಕೆಲವು ಕಡೆ ಹಿಂದಿ ಸುತ್ತು ಹಾಕಿಸುತ್ತದೆ, ಕನ್ನಡ ನೇರ ಮುಟ್ಟಿಸುತ್ತದೆ. 'ಯೆಸ್ಟರ್‌ಡೇ' ಅಂದರೆ ಕಲ್, 'ಟುಮಾರೋ' ಅಂದರೂ ಕಲ್. ಮೊನ್ನೆಯೂ ಪರಸೋಂ, ನಾಡಿದ್ದೂ ಪರಸೋಂ. ನಮಗೆ ನಾಲ್ಕಕ್ಕೂ ಬೇರೆ ಬೇರೆ ಪದ ಇವೆ. ಲೋಡ್ ಹೋಗುವ ದಿನ ಹೇಳುವಾಗ ಈ ಎಡವಟ್ಟು ಆದರೆ ಲಾರಿ ಒಂದು ಕಡೆ, ಪಾರ್ಟಿ ಒಂದು ಕಡೆ. ಸಿಗರೇಟಿಗೆ ಹಿಂದಿಯವರು ಪೀನಾ ಅನ್ನುತ್ತಾರೆ, ಅಂದರೆ ಕುಡಿಯುವುದು. ನಾವು ಸೇದುತ್ತೇವೆ. 'ಸ್ಮೋಕ್' ಪದಕ್ಕೆ ಸೇದು ಅಂತ ಬರೆದರೆ 'ಡ್ರಿಂಕ್' ಜೊತೆ ಗೊಂದಲವೇ ಇಲ್ಲ. ಮಾತ್ರೆ ಅವರಿಗೆ ತಿನ್ನುವಂಥದ್ದು, ನಾವು ತಗೋ ಅನ್ನುತ್ತೇವೆ. ಇಂಗ್ಲಿಷಿನವರೂ 'ಟೇಕ್' ಅನ್ನುತ್ತಾರೆ.

ಹಿಂದಿ ಗೆಲ್ಲುವ ಜಾಗವೂ ಇದೆ. 'ಹ್ಯಾಬಿಟ್' ಮತ್ತು 'ಪ್ರ್ಯಾಕ್ಟಿಸ್' ಎರಡಕ್ಕೂ ನಾವು ಅಭ್ಯಾಸ ಅಂದುಬಿಡುತ್ತೇವೆ. ಹಿಂದಿಯಲ್ಲಿ ಹ್ಯಾಬಿಟ್ ಅಂದರೆ ಆದತ್, ಅಭ್ಯಾಸ್ ಬೇರೆ. 'ಸೇ', 'ಟೆಲ್', 'ಸ್ಪೀಕ್' ಮೂರೂ ನಮಗೆ ಹೇಳು ಮತ್ತು ಮಾತಾಡು ನಡುವೆ ಕಲಸಿಹೋಗುತ್ತವೆ. ಹಿಂದಿಯ ಕಹನಾ, ಬತಾನಾ, ಬೋಲನಾ ಅವಕ್ಕೆ ಹತ್ತಿರ ಹತ್ತಿರ ಕೂರುತ್ತವೆ. 'ಟೆಲ್ ಮಿ' ಅಂದರೆ ಮುಝೇ ಬತಾಓ. ಯಾರಿಗೆ ಅನ್ನುವುದು ಪಕ್ಕದಲ್ಲೇ ಬರುತ್ತದೆ. 'ಸೇ ಮಿ' ಅನ್ನುವ ತಪ್ಪನ್ನು ಈ ದಾರಿಯಿಂದಲೇ ನಾನು ಎಷ್ಟೋ ಮಕ್ಕಳಿಂದ ಬಿಡಿಸಿದ್ದೇನೆ. ಹಾಗಾಗಿ ಹಿಂದಿ ಕಾಲಂ ಇರಲಿ. ಅದರ ಪಕ್ಕ ಕನ್ನಡ ಕಾಲಂ ಬರಲಿ. ಎರಡೂ ಹೊಂದಿಕೊಂಡರೆ ಮುಂದೆ ಹೋಗಿ. ಹೊಂದದಿದ್ದರೆ ಅಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಡಿಕ್ಷನರಿ ನೋಡಿ. ಕನ್ನಡ ಪದದಿಂದ ಇಂಗ್ಲಿಷಿಗೆ ಹೋಗಲು ವಿ. ಕೃಷ್ಣ ಅವರ 'ಅಲರ್' ನಿಘಂಟು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ನಿಮ್ಮ ತಲೆ ಓಡುವ ದಿಕ್ಕಿನಲ್ಲೇ ಅದು ಕೆಲಸ ಮಾಡುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ಉಚ್ಚಾರದ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳಲೇಬೇಕು. ಹಿಂದಿ ಲಿಪಿಯಲ್ಲಿ ಬರೆದ ಇಂಗ್ಲಿಷ್ ಪದ ನೋಡಿ ಉಚ್ಚಾರ ಕಲಿಯಬೇಡಿ. ನಮಗೆ ಎ ಮತ್ತು ಏ ಬೇರೆ. ಹಿಂದಿಯ ಬರವಣಿಗೆಯಲ್ಲಿ ಸಾಮಾನ್ಯವಾಗಿ ಎರಡಕ್ಕೂ ಒಂದೇ ಗುರುತು. ಹಾಗಾಗಿ ಬರೆಯುವ ಪೆನ್ ಮತ್ತು ನೋವಿನ ಪೇನ್ ಅಲ್ಲಿ ಒಂದೇ ಥರ ಕಾಣುತ್ತವೆ. ಮಾರುವುದಕ್ಕೆ ಸೆಲ್, ಮಾರಾಟಕ್ಕೆ ಸೇಲ್. ಪರೀಕ್ಷೆಗೆ ಟೆಸ್ಟ್, ರುಚಿಗೆ ಟೇಸ್ಟ್. ಪಶ್ಚಿಮ ದಿಕ್ಕು ವೆಸ್ಟ್, ಹಾಳಾಗಿ ಹೋದದ್ದು ವೇಸ್ಟ್. ತಡವಾದರೆ ಲೇಟ್, ಬಿಡು ಅನ್ನುವುದಕ್ಕೆ ಲೆಟ್. ಕನ್ನಡ ಲಿಪಿಯಲ್ಲಿ ಬರೆದರೆ ಎಲ್ಲ ಬೇರೆ ಬೇರೆಯಾಗಿ ನಿಲ್ಲುತ್ತವೆ. ನಮ್ಮ ಅಕ್ಷರ ಇಷ್ಟು ಚೆನ್ನಾಗಿ ಕೆಲಸಕ್ಕೆ ಬರುವಾಗ ಅದನ್ನು ಬಿಡುವುದು ಯಾಕೆ? ಒಂದೇ ಎಚ್ಚರ: ಬಸ್ಸು, ಪೆನ್ನು, ಬಿಲ್ಲು ಅಂತ ಕೊನೆಗೆ ಉಕಾರ ಸೇರಿಸುವುದು ನಮ್ಮ ರೂಢಿ. ಇಂಗ್ಲಿಷ್ ವಾಕ್ಯದೊಳಗೆ ಅದು ಬೇಡ. ಬಸ್, ಪೆನ್, ಬಿಲ್ ಅಂತ ಅಲ್ಲಿಗೇ ನಿಲ್ಲಿಸಿ.

ಈಗ ಉದಾಹರಣೆ ವಾಕ್ಯಕ್ಕೆ ಬರುತ್ತೇನೆ. ಈ ಥರದ ಪಾಠಗಳಲ್ಲಿ ನನಗೆ ಅತಿ ಹೆಚ್ಚು ಇಷ್ಟವಾಗುವುದು ಅದೇ. ನೀವು ಬಹುಶಃ ಅತಿ ಕಡಿಮೆ ಗಮನ ಕೊಟ್ಟಿರುವುದೂ ಅದಕ್ಕೇ.

ನಮ್ಮ ಕಡೆ ಬಂದ್ ಅನ್ನುವ ಒಂದು ಪದ ಎಷ್ಟು ಕೆಲಸ ಮಾಡುತ್ತದೆ ನೋಡಿ. ಬಾಗಿಲು ಬಂದ್ ಮಾಡು. ಫ್ಯಾನ್ ಬಂದ್ ಮಾಡು. ಇವತ್ತು ಗಂಜ್ ಬಂದ್. ಗಾಡಿ ದಾರಿಯಲ್ಲಿ ಬಂದ್ ಬಿದ್ದದ. ಹಿಂದಿಯಲ್ಲೂ ಹೆಚ್ಚುಕಡಿಮೆ ಹೀಗೇ. ಅರ್ಥದ ಕಾಲಂನಲ್ಲಿ 'ಕ್ಲೋಸ್ = ಬಂದ್ ಕರನಾ' ಅಂತ ಇರುತ್ತದೆ. ಅದನ್ನು ನಂಬಿ ಫ್ಯಾನಿಗೂ 'ಕ್ಲೋಸ್' ಹಚ್ಚಿದರೆ ತಪ್ಪಾಯಿತು. ಇಂಗ್ಲಿಷಿನಲ್ಲಿ ಬಾಗಿಲಿಗೆ 'ಕ್ಲೋಸ್ ದ ಡೋರ್', ಫ್ಯಾನಿಗೆ 'ಸ್ವಿಚ್ ಆಫ್ ದ ಫ್ಯಾನ್', ಗಂಜಿಗೆ 'ದ ಮಾರ್ಕೆಟ್ ಈಸ್ ಕ್ಲೋಸ್ಡ್ ಟುಡೇ', ಗಾಡಿಗೆ 'ದ ಲಾರಿ ಬ್ರೋಕ್ ಡೌನ್'. ಯಾವ ಪದ ಯಾವುದರ ಜೊತೆ ಕೂರುತ್ತದೆ ಅನ್ನುವುದನ್ನು ಅರ್ಥ ಹೇಳುವುದಿಲ್ಲ, ವಾಕ್ಯ ಹೇಳುತ್ತದೆ.

ಕೆಲವು ಕಡೆ ಕನ್ನಡ, ಹಿಂದಿ ಎರಡೂ ಒಂದೇ ದಡದಲ್ಲಿ ನಿಲ್ಲುತ್ತವೆ, ಇಂಗ್ಲಿಷ್ ಆಚೆ ದಡದಲ್ಲಿ. ನನಗೆ ಜ್ವರ ಬಂದಿದೆ, ಮುಝೇ ಬುಖಾರ್ ಹೈ. ನನ್ನ ಹತ್ರ ಚಿಲ್ಲರೆ ಇಲ್ಲ, ಮೇರೇ ಪಾಸ್ ಛುಟ್ಟಾ ನಹೀಂ ಹೈ. ನನಗೆ ಇಬ್ಬರು ತಮ್ಮಂದಿರು. ಇಂಗ್ಲಿಷಿನಲ್ಲಿ ಈ ನನಗೆ, ನನ್ನ ಹತ್ರ ಎಲ್ಲ ಹೋಗಿ 'ಐ ಹ್ಯಾವ್' ಆಗುತ್ತದೆ. 'ಐ ಹ್ಯಾವ್ ಎ ಫೀವರ್.' 'ಐ ಡೋಂಟ್ ಹ್ಯಾವ್ ಚೇಂಜ್.' 'ಐ ಹ್ಯಾವ್ ಟೂ ಯಂಗರ್ ಬ್ರದರ್ಸ್.' ಇಲ್ಲಿ ಪದ ಪದ ಜೋಡಿಸಲು ಹೋದರೆ ನೂರು ಅರ್ಥ ಗೊತ್ತಿದ್ದರೂ ವಾಕ್ಯ ಕಟ್ಟಲಾಗುವುದಿಲ್ಲ. 'ಐ ಹ್ಯಾವ್' ಅನ್ನುವುದನ್ನು ಇಡಿಯಾಗಿ ಬಾಯಿಗೆ ಹಾಕಿಕೊಳ್ಳಬೇಕು. ಹತ್ತು ವಾಕ್ಯ ಅದರಿಂದಲೇ ಶುರು ಮಾಡಿ ಜೋರಾಗಿ ಹೇಳಿ.

ಆದರೆ ಮೊಬೈಲಿನ ವಾಕ್ಯ ನಿಮ್ಮದಲ್ಲ. ಯಾರೋ ರಾಹುಲ್ ದಿನಾ ಪಾರ್ಕಿಗೆ ಹೋಗುತ್ತಾನೆ, ಯಾರೋ ಪ್ರಿಯಾಗೆ ಐಸ್‌ಕ್ರೀಂ ಇಷ್ಟ. ಆ ವಾಕ್ಯವನ್ನು ನೀವು ಜೀವನದಲ್ಲಿ ಒಮ್ಮೆಯೂ ಹೇಳಬೇಕಾಗಿಲ್ಲ. ಅದನ್ನು ಓದಿ, ಅದರ ಕಟ್ಟು ನೋಡಿಕೊಳ್ಳಿ. ಆಮೇಲೆ ಅದೇ ಕಟ್ಟಿನಲ್ಲಿ ನಿಮ್ಮ ಅಂಗಡಿಯ ಮಾತು ಬರೆಯಿರಿ. 'ಡಿಲೇ' ಪದ ಬಂತು ಅಂದುಕೊಳ್ಳಿ. ಪಾಠದ ವಾಕ್ಯ ರೈಲಿನ ಬಗ್ಗೆ ಇರುತ್ತದೆ. ನೀವು 'ದ ಪೇಮೆಂಟ್ ಈಸ್ ಡಿಲೇಡ್' ಅಂತ ಬರೆಯಿರಿ. ಅದು ನಿಮ್ಮ ದಿನಾದ ಗೋಳು, ಮರೆಯುವುದಿಲ್ಲ. 'ವೇಟ್' ಬಂದರೆ 'ಪ್ಲೀಸ್ ಚೆಕ್ ದ ವೇಟ್ ಆಫ್ ದ ಬ್ಯಾಗ್ಸ್'. ತೂಕದ ವೇಟ್ ಮತ್ತು ಕಾಯುವ ವೇಟ್ ಕಿವಿಗೆ ಒಂದೇ, ಸ್ಪೆಲಿಂಗ್ ಬೇರೆ. 'ಪ್ಲೀಸ್ ವೇಟ್, ಐ ವಿಲ್ ಚೆಕ್ ದ ವೇಟ್' ಅಂತ ಬರೆದು ಎರಡರ ಸ್ಪೆಲಿಂಗ್ ಕೆಳಗೆ ಗೆರೆ ಹಾಕಿ. ತೊಗರಿ, ಕ್ವಿಂಟಲ್, ತೇವ, ಚೀಲ, ಲಾರಿ, ಬಾಕಿ ಇವೇ ನಿಮ್ಮ ಲೋಕ. ಇವುಗಳ ಸುತ್ತ ಐವತ್ತು ವಾಕ್ಯ ನಿಮ್ಮ ಕೈಯಲ್ಲೇ ಹುಟ್ಟಿದರೆ ಚೆನ್ನೈ ಫೋನಿನ ಬಹುಪಾಲು ಅದರಲ್ಲೇ ಮುಗಿಯುತ್ತದೆ.

ಯಾವ ಪದ ಕಲಿಯಬೇಕು ಅನ್ನುವುದೂ ಮುಖ್ಯ. ಮೈಕೇಲ್ ವೆಸ್ಟ್ ಅಂತ ಒಬ್ಬ ಇಂಗ್ಲಿಷ್ ಶಿಕ್ಷಕರಿದ್ದರು. ಢಾಕಾದಲ್ಲಿ ಬಂಗಾಳಿ ಮಕ್ಕಳ ನಡುವೆ ಕೆಲಸ ಮಾಡಿದವರು. ಪಾಠದ ಪುಸ್ತಕಗಳಲ್ಲಿ ಅಪರೂಪದ ಪದಗಳು ತುಂಬಿಕೊಂಡು ಮಕ್ಕಳ ಓದು ಅಲ್ಲೇ ನಿಲ್ಲುವುದನ್ನು ಅವರು ಕಂಡರು. 1953ರಲ್ಲಿ ಬಂದ ಅವರ ಪಟ್ಟಿಯಲ್ಲಿ ಇರುವುದು ಸುಮಾರು 2000 ಪದ ಮಾತ್ರ. ಸಾಮಾನ್ಯ ಇಂಗ್ಲಿಷ್ ಬರಹದಲ್ಲಿ ಶೇ 80ರಷ್ಟು ಅವೇ ಪದಗಳು ತಿರುಗಿ ತಿರುಗಿ ಬರುತ್ತವೆ. ನಿಮ್ಮ ಸಾವಿರದಲ್ಲಿ ಎಷ್ಟು ಈ ಥರದವು, ಎಷ್ಟು ಬರೀ ಶೋಭೆಗೆ ಬರೆದವು ಅಂತ ಒಮ್ಮೆ ಕೂತು ನೋಡಿ. ಎ ಅಕ್ಷರದಿಂದ ಶುರುವಾಗುವ ಪಟ್ಟಿ ಹಿಡಿದವರೆಲ್ಲರಿಗೂ 'ಅಬ್ಯಾಂಡನ್' ಬರುತ್ತದೆ, 'ಗೆಟ್', 'ಪುಟ್', 'ಕೀಪ್' ಸರಿಯಾಗಿ ಬಳಸಲು ಬರುವುದಿಲ್ಲ. ನಾನಾಗಿದ್ದರೆ ಮೂರು ತಿಂಗಳು ಹೊಸ ದೊಡ್ಡ ಪದ ನಿಲ್ಲಿಸಿ, ಈ ಸಣ್ಣ ಕ್ರಿಯಾಪದಗಳ ಮೇಲೇ ಕೂರುತ್ತಿದ್ದೆ.

ದಿನಕ್ಕೆ ಹತ್ತು ಜಾಸ್ತಿ ಆಯಿತು. ನಾಲ್ಕು ಸಾಕು. ಉಳಿದ ಹೊತ್ತು ಹಳೆಯದನ್ನು ತಿರುವಿ ಹಾಕಿ. 1885ರಲ್ಲೇ ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಕಲಿತ ಮೊದಲ ದಿನದೊಳಗೇ ಮರೆವು ಜೋರಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ. ಬಿಟ್ಟು ಬಿಟ್ಟು ಮತ್ತೆ ನೋಡಿದರೆ ಪದ ಉಳಿಯುತ್ತದೆ. ನಾನು ಮಕ್ಕಳಿಗೆ ಹಾಕಿಕೊಟ್ಟ ಲೆಕ್ಕ ಮರುದಿನ, ನಾಲ್ಕನೇ ದಿನ, ಹತ್ತನೇ ದಿನ, ಒಂದು ತಿಂಗಳಿಗೆ. ತಿರುವಿ ಹಾಕುವಾಗ ಇಂಗ್ಲಿಷ್ ಕಾಲಂ ಮುಚ್ಚಿ. ಕನ್ನಡ ಮಾತ್ರ ಕಾಣಲಿ. ಅದನ್ನು ನೋಡಿ ಇಡೀ ವಾಕ್ಯ ಬಾಯಿ ಬಿಟ್ಟು ಹೇಳಿ. ಮನಸ್ಸಿನಲ್ಲಿ ಹೇಳಿಕೊಂಡರೆ ಸಾಲದು. ನೆನಪಾಗದಿದ್ದರೆ ಕೂಡಲೇ ಕೈ ತೆಗೆಯಬೇಡಿ, ಸ್ವಲ್ಪ ಹೊತ್ತು ಒದ್ದಾಡಿ. ಆ ಒದ್ದಾಟದಲ್ಲೇ ಪದ ಕೂರುತ್ತದೆ.

ಹತ್ತಿರದ ಅರ್ಥದ ಪದಗಳನ್ನು ಮಾತ್ರ ಒಂದೇ ದಿನ ಕಲಿಯಬೇಡಿ. 'ಲೆಂಡ್' ಅಂದರೆ ಕಡ ಕೊಡುವುದು, 'ಬಾರೋ' ಅಂದರೆ ಕಡ ತರುವುದು. ಪಾಠಗಳಲ್ಲಿ ಇವನ್ನು ಜೋಡಿಯಾಗಿ ಕೊಡುತ್ತಾರೆ. ನೋಡಲು ಚಂದ, ಆದರೆ ತಲೆಯಲ್ಲಿ ಅದಲು ಬದಲಾಗುತ್ತವೆ. 1990ರ ದಶಕದಲ್ಲಿ ನಡೆದ ಪ್ರಯೋಗಗಳಲ್ಲೂ ಹೀಗೇ ಕಂಡಿದೆ. ಒಂದನ್ನು ಈ ವಾರ ಗಟ್ಟಿ ಮಾಡಿ, ಇನ್ನೊಂದು ಮುಂದಿನ ತಿಂಗಳು ಬರಲಿ.

ಮನೆಯಲ್ಲಿ ಜೊತೆಗೆ ಹೇಳಿಕೊಳ್ಳಲು ಯಾರೂ ಇಲ್ಲದಿದ್ದರೆ ಮೊಬೈಲಿನಲ್ಲಿ ನಿಮ್ಮ ದನಿಯನ್ನೇ ರೆಕಾರ್ಡ್ ಮಾಡಿ ಕೇಳಿ. ಮೊದಲ ವಾರ ಕೇಳಲು ಕಷ್ಟ ಆಗುತ್ತದೆ, ಆಮೇಲೆ ರೂಢಿಯಾಗುತ್ತದೆ.

ಕೊನೆಗೆ ಆ ಚೆನ್ನೈ ಫೋನು. ಅವರು ಮಾತಾಡುವ ವೇಗಕ್ಕೆ ನೀವು ಇವತ್ತೇ ಓಡಬೇಕಾಗಿಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಎರಡು ವಾಕ್ಯ ಬರೆದಿಡಿ. 'ಪ್ಲೀಸ್ ಸ್ಪೀಕ್ ಸ್ಲೋಲಿ.' 'ಐ ವಿಲ್ ಚೆಕ್ ಅಂಡ್ ಕಾಲ್ ಯೂ ಬ್ಯಾಕ್ ಇನ್ ಟೆನ್ ಮಿನಿಟ್ಸ್.' ಆ ಹತ್ತು ನಿಮಿಷದಲ್ಲಿ ಹೇಳಬೇಕಾದದ್ದನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಬರೆದು, ಎರಡು ಸಲ ಜೋರಾಗಿ ಓದಿ, ನೀವೇ ಫೋನ್ ಮಾಡಿ. ಬರೆದ ಚೀಟಿ ಎಸೆಯಬೇಡಿ. ಸಂಜೆ ಅದನ್ನು ನೋಟ್‌ಬುಕ್ಕಿಗೆ ಅಂಟಿಸಿ. ಮರುದಿನದ ನಾಲ್ಕು ಪದ ಅದರಿಂದಲೇ ಸಿಗುತ್ತವೆ.